ಬಿಟ್ಟಿ ಹತ್ತು

"ಎಂಟು." ಸ್ವಲ್ಪ ಹೊತ್ತು ಸುಮ್ಮನೆ. "ಒಂಬತ್ತು, ಒಂಬತ್ತು!" ಮತ್ತೆ ಸ್ವಲ್ಪ ಹೊತ್ತು. "ಅಯ್ಯೋ ಪುಟ್ಟಿ... ಐದು."

ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ದುರ್ಬೀನು ಕಣ್ಣಿಗೆ ಒತ್ತಿಕೊಂಡು ಮಗಳ ಬೆನ್ನ ಹಿಂದೆ ಕೂತಿದ್ದರು. ಪ್ರತಿ ಬಾಣಕ್ಕೂ ಒಂದು ಅಂಕಿ ಕೂಗುತ್ತಿದ್ದರು. ಮಗಳು ಅದನ್ನು ಕೇಳಿಸಿಕೊಂಡು ಬಿಲ್ಲಿನ ಸೈಟನ್ನು, ಅಂದರೆ ಗುರಿ ಹಿಡಿಯಲು ಬಿಲ್ಲಿಗೆ ಕೂರಿಸಿದ ಸಾಧನವನ್ನು, ಚೂರು ತಿರುಗಿಸಿ ಮುಂದಿನ ಬಾಣ ಹೂಡುತ್ತಿದ್ದಳು. ಮೈಸೂರಿನ ಹೊರಗಿನ ಒಂದು ಶಾಲೆಯ ಮೈದಾನ, ಜೂನ್ ಮೊದಲ ವಾರ. ನಾನು ಅಲ್ಲಿ ಸಂಜೆ ಹೊತ್ತು ಬಿಲ್ಲುಗಾರಿಕೆ ಹೇಳಿಕೊಡುತ್ತೇನೆ. ಇವರಿಬ್ಬರು ಬಂದ ಮೊದಲ ದಿನ ಅದು.

ಹುಡುಗಿಗೆ ಹದಿನಾರು. ಎರಡು ವರ್ಷದಿಂದ ರಿಕರ್ವ್ ಬಿಲ್ಲು, ಅಂದರೆ ತುದಿ ಮುಂದಕ್ಕೆ ಬಾಗಿದ ಬಿಲ್ಲು, ಹಿಡಿದಿದ್ದಾಳೆ. ಎಳೆತದ ಭಾರ 34 ಪೌಂಡ್, ಬಲಗೈ, ದೂರ 60 ಮೀಟರ್. ಮೊದಲ ಒಂದು ವರ್ಷ ಸರಸರ ಮೇಲೇರಿದ ಸ್ಕೋರು ಆಮೇಲೆ ಅಲ್ಲೇ ಕೂತುಬಿಟ್ಟಿದೆ. ಅಪ್ಪನ ಹತ್ತಿರ ಎಲ್ಲಾ ಸ್ಕೋರ್ ಶೀಟಿನ ಫೋಟೊ ಫೋನಿನಲ್ಲಿ ಇತ್ತು. "ಒಂದು ದಿನ ಚಿನ್ನದ ಹಾಗೆ ಹೊಡೀತಾಳೆ ಸರ್, ಮಾರನೇ ದಿನ ಬಿಲ್ಲೇ ಹಿಡಿದಿಲ್ಲ ಅನ್ನೋ ಹಾಗೆ ಹೊಡೀತಾಳೆ. ಕಾನ್ಸಂಟ್ರೇಷನ್ ಇಲ್ಲ" ಎಂದರು. ಹುಡುಗಿ ನೆಲ ನೋಡಿದಳು.

ಹನ್ನೆರಡು ಬಾಣ ಬಿಡು ಅಂದೆ. ನಾನು ಗುರಿಯ ಕಡೆ ನೋಡಲಿಲ್ಲ, ಅವಳನ್ನೇ ನೋಡಿದೆ. ನಿಲುವು ಚೆನ್ನಾಗಿತ್ತು. ಹೆದೆ ಮೂಗಿಗೂ ಗದ್ದಕ್ಕೂ ತಾಗುವ ಜಾಗ ಚೆನ್ನಾಗಿತ್ತು. ಕ್ಲಿಕ್ಕರ್ ಕೂಡ ಬಳಸುತ್ತಿದ್ದಳು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕ್ಲಿಕ್ಕರ್ ಅಂದರೆ ಬಿಲ್ಲಿಗೆ ಕೂರಿಸಿದ ಒಂದು ತೆಳು ಪಟ್ಟಿ. ಬಾಣವನ್ನು ಪೂರ್ತಿ ಎಳೆದಾಗ ಅದರ ಮೊನೆ ಈ ಪಟ್ಟಿಯ ಅಡಿಯಿಂದ ಜಾರಿ 'ಟಕ್' ಅನ್ನುತ್ತದೆ. ಆಗ ಬಿಡಬೇಕು. ಹಾಗಾಗಿ ಪ್ರತಿ ಸಲವೂ ಎಳೆತ ಒಂದೇ ಅಳತೆ.

ತೊಂದರೆ ಇದ್ದದ್ದು 'ಟಕ್' ಆದ ಮೇಲೆ. ಬಿಲ್ಲು ಹಿಡಿದ ಎಡಗೈ ಎಡಕ್ಕೆ, ಸ್ವಲ್ಪ ಕೆಳಕ್ಕೆ ಸರಿಯುತ್ತಿತ್ತು. ಅದೇ ಹೊತ್ತಿಗೆ ಕತ್ತು ಮುಂದಕ್ಕೆ ಚಾಚುತ್ತಿತ್ತು. ಬಾಗಿಲ ಸಂದಿಯಿಂದ ಬೀದಿ ನೋಡುವವರ ಹಾಗೆ. ಬಾಣ ಎಲ್ಲಿಗೆ ಹೋಯ್ತು ಅಂತ ಇಣುಕಿ ನೋಡುವ ಆತುರ ಅದು. ಬಿಲ್ಲು ಕಣ್ಣಿಗೆ ಅಡ್ಡ ಇರುತ್ತದಲ್ಲ, ಅದನ್ನು ಪಕ್ಕಕ್ಕೆ ಸರಿಸಿದರೇ ತಾನೇ ಬಾಣ ಕಾಣೋದು.

ಅಪ್ಪನಿಗೆ ತೋರಿಸಿದೆ. ಅವರು ಎಂಜಿನಿಯರು, ಥಟ್ಟನೆ ಕೇಳಿದರು: "ಬಾಣ ಹೋದ ಮೇಲೆ ಕೈ ಇಳಿದರೆ ಏನ್ ಸರ್? ಅದು ಆಗಲೇ ಹೋಗಿಬಿಟ್ಟಿರುತ್ತಲ್ಲ?"

ಒಳ್ಳೆಯ ಪ್ರಶ್ನೆ. ಬೆರಳು ಬಿಟ್ಟ ಮೇಲೆ ಬಾಣ ಹೆದೆಯ ಮೇಲೆ ಇರುವುದು ಒಂದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿನಷ್ಟು ಹೊತ್ತು ಕೂಡ ಇಲ್ಲ. ಆಮೇಲೆ 60 ಮೀಟರ್ ಹೋಗಲು ಒಂದು ಸೆಕೆಂಡಿನ ಮೇಲೆ ಸ್ವಲ್ಪ. ಕೈ ನಿಜವಾಗಿ ಆಮೇಲೆ ಇಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಚಾಳಿ ಅನ್ನೋದು ಗಡಿಯಾರ ನೋಡಿಕೊಂಡು ಬರೋದಿಲ್ಲ. ಮೊದಮೊದಲು ಬಾಣ ಹೋದ ಮೇಲೆ ಇಳಿಯುತ್ತದೆ, ತಿಂಗಳು ಕಳೆದ ಮೇಲೆ ಬಿಡುವಾಗಲೇ ಇಳಿಯುತ್ತದೆ, ಕೊನೆಗೆ ಬಿಡುವ ಮುಂಚೆಯೇ ಮೈ ಅದಕ್ಕೆ ಸಿದ್ಧವಾಗುತ್ತದೆ. ಫೋನಿನಲ್ಲಿ ನಿಧಾನ ಚಲನೆಯ ವಿಡಿಯೊ ತೆಗೆದು ತೋರಿಸಿದೆ. ಹೆದೆ ಇನ್ನೂ ಬೆರಳಲ್ಲಿದೆ, ಎಡಗೈ ಆಗಲೇ ಹೊರಟಿದೆ.

ಇದರ ಲೆಕ್ಕವನ್ನೂ ಹೇಳಬೇಕು. ಬಿಲ್ಲು ಹಿಡಿದ ಕೈಯಿಂದ ಗದ್ದದ ಕೆಳಗಿನ ಕೈಗೆ ಹೆಚ್ಚುಕಡಿಮೆ 70 ಸೆಂಟಿಮೀಟರ್. ಗುರಿ 60 ಮೀಟರ್. ಅಂದರೆ ಸುಮಾರು 85 ಪಟ್ಟು. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅಲ್ಲಿ ಎಂಟೂವರೆ ಸೆಂಟಿಮೀಟರ್ ತಪ್ಪುತ್ತದೆ. 122 ಸೆಂಟಿಮೀಟರ್ ಅಗಲದ ಗುರಿಯ ಕಾಗದದಲ್ಲಿ ಹತ್ತು ಅಂಕದ ಒಳವೃತ್ತದ ನಡುವಿನಿಂದ ಅಂಚಿಗೆ ಇರುವುದು 6.1 ಸೆಂಟಿಮೀಟರ್ ಅಷ್ಟೆ. ಅಂದರೆ ಒಂದು ಅಕ್ಕಿಕಾಳಿನ ದಪ್ಪಕ್ಕಿಂತ ಕಡಿಮೆ ಜರುಗಿದರೂ ಹತ್ತು ಕೈತಪ್ಪುತ್ತದೆ. ಇಷ್ಟು ಸಣ್ಣದನ್ನು ಕಣ್ಣಿಟ್ಟು ತಿದ್ದೋದು ಸಾಧ್ಯವೇ ಇಲ್ಲ. ಮೈಗೇ ಗೊತ್ತಾಗಬೇಕು.

ಇನ್ನು ಸೈಟಿನ ಕಥೆ. ನನಗೆ ಈ ಪ್ರಕರಣದಲ್ಲಿ ಬರೆಯಲೇಬೇಕು ಅನ್ನಿಸಿದ್ದು ಇದೇ. ಬಾಣ ಎಡಕ್ಕೆ ಹೋದರೆ ಸೈಟನ್ನೂ ಎಡಕ್ಕೆ ಸರಿಸು, ಬಾಣದ ಹಿಂದೆಯೇ ಹೋಗು ಅಂತ ಎಲ್ಲರಿಗೂ ಮೊದಲ ತಿಂಗಳಲ್ಲೇ ಕಲಿಸುತ್ತಾರೆ. ನಿಯಮ ಸರಿಯೇ. ಇವಳ ಬಾಣ ಇಣುಕುವ ಚಾಳಿಯಿಂದ ಎಡಕ್ಕೆ ಹೋಗುತ್ತಿತ್ತು. ಇವಳು ಸೈಟನ್ನು ಎಡಕ್ಕೆ ಸರಿಸಿದಳು. ಬಾಣ ಗುರಿಯ ನಡುವಿನ ಹಳದಿಗೆ ಬಂತು. ಅಪ್ಪನಿಗೆ ಖುಷಿ, ಇವಳಿಗೂ ಖುಷಿ. ಈಗ ಯಾವತ್ತಾದರೂ ಇಣುಕದೆ, ಕೈ ಅಲುಗಿಸದೆ, ಅಪ್ಪಟವಾಗಿ ಒಂದು ಬಾಣ ಬಿಟ್ಟಳು ಅಂತ ಇಟ್ಟುಕೊಳ್ಳಿ. ಅದು ಬಲಕ್ಕೆ ಹೋಗಿ ಹಳದಿಯ ಸುತ್ತಲಿನ ಕೆಂಪಿನಲ್ಲಿ ಕೂರುತ್ತದೆ. ಹಿಂದಿನಿಂದ "ಅಯ್ಯೋ, ಏಳು" ಅನ್ನುವ ದನಿ. ಸರಿಯಾಗಿ ಮಾಡಿದ್ದಕ್ಕೆ ಬೈಗುಳ, ತಪ್ಪು ಮಾಡಿದ್ದಕ್ಕೆ ಶಹಬ್ಬಾಸ್! ಎರಡು ವರ್ಷ ಗುರಿ ಅವಳಿಗೆ ಕಲಿಸಿದ್ದು ಇದನ್ನೇ. ಪಾಪ, ಅವಳಿಗೆ ಕಾನ್ಸಂಟ್ರೇಷನ್ ಬೇಕಾದಷ್ಟಿತ್ತು. ಅದೆಲ್ಲ 60 ಮೀಟರ್ ಆಚೆ ಇತ್ತು.

ಅಪ್ಪ ಅರ್ಜುನನ ಕಥೆ ತೆಗೆದರು. ತೆಗೆಯದೆ ಇರುತ್ತಾರೆಯೇ? ಈ ಮೈದಾನಕ್ಕೆ ಬರುವ ಪ್ರತಿ ಅಪ್ಪ, ಮಾವ, ತಾತ ಎಲ್ಲರೂ ಅದನ್ನೇ ಹೇಳುತ್ತಾರೆ. ದ್ರೋಣ ಕೇಳಿದ, ಏನು ಕಾಣುತ್ತಿದೆ? ಹಕ್ಕಿಯ ತಲೆ ಮಾತ್ರ ಅಂದ. ಗುರಿ ಬಿಟ್ಟು ಬೇರೆ ಏನೂ ಕಾಣಬಾರದು ಅಂತ ಎಲ್ಲರೂ ಅದಕ್ಕೆ ಅರ್ಥ ಹೇಳುತ್ತಾರೆ. ನಾನು ಅವರಿಗೆ ಅದೇ ಅರ್ಜುನನ ಇನ್ನೊಂದು ಕಥೆ ಹೇಳಿದೆ. ಅದೂ ಆದಿಪರ್ವದಲ್ಲೇ ಇದೆ, ಆದರೆ ಯಾಕೋ ಯಾರೂ ಹೇಳೋದಿಲ್ಲ. ಅರ್ಜುನನಿಗೆ ಕತ್ತಲಲ್ಲಿ ಊಟ ಬಡಿಸಬೇಡ ಅಂತ ದ್ರೋಣ ಅಡುಗೆಯವನಿಗೆ ಹೇಳಿರುತ್ತಾನೆ. ಒಂದು ರಾತ್ರಿ ಊಟ ಮಾಡುವಾಗ ಗಾಳಿಗೆ ದೀಪ ಆರಿಹೋಗುತ್ತದೆ. ಅರ್ಜುನ ಉಣ್ಣುತ್ತಲೇ ಇರುತ್ತಾನೆ. ಏನೂ ಕಾಣದಿದ್ದರೂ ತುತ್ತು ನೇರ ಬಾಯಿಗೇ ಹೋಗುತ್ತದೆ. ಅಭ್ಯಾಸವಾದರೆ ಕೈಗೆ ಕಣ್ಣು ಬೇಕಿಲ್ಲ ಅಂತ ಅವನಿಗೆ ಹೊಳೆಯುತ್ತದೆ. ಅವತ್ತಿನಿಂದ ರಾತ್ರಿ ಹೊತ್ತು ಅಭ್ಯಾಸ. ಹೆದೆಯ ಸದ್ದು ಕೇಳಿ ದ್ರೋಣ ಎದ್ದು ಬರುತ್ತಾನೆ, ಅಪ್ಪಿಕೊಳ್ಳುತ್ತಾನೆ.

"ಇದು ನಂಗೊತ್ತಿರ್ಲಿಲ್ಲ" ಅಂದರು ಅಪ್ಪ. ದುರ್ಬೀನನ್ನು ಚೀಲಕ್ಕೆ ಹಾಕಿದರು. ಮಾರನೇ ದಿನ ಮತ್ತೆ ತೆಗೆದರು, ಅದು ಬೇರೆ ಮಾತು.

ಮಳೆ ಶುರುವಾಗಿತ್ತು. ಅದೂ ಒಳ್ಳೆಯದೇ ಆಯ್ತು. ಮೈದಾನದ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಹಳೆ ಫೋಮ್ ಬಟ್ರೆಸ್, ಅಂದರೆ ಬಾಣ ನಾಟಿಕೊಳ್ಳುವ ದಪ್ಪ ಹಲಗೆ, ಇಟ್ಟೆ. ಮೂರು ಮೀಟರ್ ದೂರ, ಮೇಲೆ ಕಾಗದ ಇಲ್ಲ, ಬಣ್ಣ ಇಲ್ಲ, ಅಂಕಿ ಇಲ್ಲ. ಬಿಲ್ಲಿನಿಂದ ಸೈಟನ್ನೇ ಬಿಚ್ಚಿಟ್ಟೆ. ಕಣ್ಣು ಬಿಟ್ಟುಕೊಂಡು ಬಾಣ ಹೂಡಬೇಕು, ಎಳೆಯಬೇಕು, ಬಾಣ ಬಟ್ರೆಸ್ಸಿನ ಕಡೆಗೇ ಇದೆಯಾ ನೋಡಿಕೊಳ್ಳಬೇಕು. ಆಮೇಲೆ ಕಣ್ಣು ಮುಚ್ಚಿ, 'ಟಕ್' ಆಗುವವರೆಗೆ ಇನ್ನೂ ಚೂರು ಎಳೆದು, ಬಿಟ್ಟು, ಮನಸ್ಸಿನಲ್ಲಿ ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಬೇಕು. ಕಣ್ಣು ಮುಚ್ಚಿದವರು ಇಣುಕುವುದಾದರೂ ಏನನ್ನು!

ಬಿಟ್ಟಾದ ಮೇಲೆ ನನ್ನದು ಒಂದೇ ಪ್ರಶ್ನೆ. "ಏನ್ ಗೊತ್ತಾಯ್ತು?"

ಶೆಡ್ಡಿನಲ್ಲಿ ಮೊದಲ ದಿನ ಉತ್ತರ: "ಏನೂ ಇಲ್ಲ ಸರ್." ಎರಡನೇ ದಿನ: "ಚೆನ್ನಾಗಿತ್ತು ಸರ್." ಇದು ಉತ್ತರವೇ ಅಲ್ಲ, ನನ್ನನ್ನು ಸಮಾಧಾನ ಮಾಡಿದ್ದು. ನಾಲ್ಕನೇ ದಿನ ತಗಡಿನ ಮೇಲೆ ಮಳೆ ಧೋ ಅಂತ ಸುರಿಯುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅವಳು ಬಿಲ್ಲು ಇಳಿಸಿ ತನ್ನ ಬಲಗೈ ಬೆರಳುಗಳನ್ನೇ ನೋಡುತ್ತಾ ನಿಂತಳು. ಹತ್ತಿರ ಹೋದೆ. "ಸರ್, ಉಂಗುರದ ಬೆರಳು ಟಕ್ ಆಗೋಕ್ ಮುಂಚೇನೇ ಸಡಿಲ ಆಗ್ತಿದೆ. ಉಳಿದ ಎರಡರ ಮೇಲೇ ಭಾರ ಬೀಳ್ತಿದೆ" ಅಂದಳು. ಬೆರಳಿಗೆ ಹಾಕುವ ಚರ್ಮದ ಟ್ಯಾಬ್ ತಿರುಗಿಸಿ ತೋರಿಸಿದಳು. ಮೊದಲ ಎರಡು ಬೆರಳಿನ ಜಾಗದಲ್ಲಿ ಹೆದೆಯ ಗೆರೆ ಆಳವಾಗಿ ಬಿದ್ದಿತ್ತು, ಮೂರನೆಯದರಲ್ಲಿ ಮಸುಕು. ನಾನು ಎರಡು ವಾರದಿಂದ ಅವಳನ್ನು ನೋಡುತ್ತಿದ್ದೆ. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ದುರ್ಬೀನಿಗಂತೂ ಬೀಳುವ ಮಾತೇ ಇಲ್ಲ.

ಅವಳ ಕೈ ಮಾತಾಡಲು ಶುರು ಮಾಡಿದ್ದು ಅವತ್ತು. ನನಗೆ ತಲೆ ತಿರುಗಿದ್ದೂ ಅವತ್ತೇ. ಮೈಯೇ ಗುರು, ಗುರಿ ಬರೀ ಕಾಗದ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಲಂಡನ್ 2012ರ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಕೊರಿಯಾದ ಬಿಲ್ಲುಗಾರ ಇಮ್ ಡಾಂಗ್-ಹ್ಯುನ್ 72 ಬಾಣಕ್ಕೆ 699 ಹೊಡೆದು ವಿಶ್ವ ದಾಖಲೆ ಮಾಡಿದ್ದನ್ನು ಬೇರೆ ಉದಾಹರಣೆ ಕೊಡುತ್ತಿದ್ದೆ. ಅವನ ಎಡಗಣ್ಣಿನ ದೃಷ್ಟಿ 20/200. ನಮಗೆ 200 ಅಡಿಯಿಂದ ಕಾಣುವುದು ಅವನಿಗೆ 20 ಅಡಿಗೆ ಬಂದರೆ ಕಾಣುತ್ತದೆ. ಕನ್ನಡಕವನ್ನೂ ಹಾಕುತ್ತಿರಲಿಲ್ಲ, 70 ಮೀಟರ್ ದೂರದ ಗುರಿ ಅವನಿಗೆ ಕಲಸಿಹೋದ ಬಣ್ಣ. ನೋಡಿ, ಕಣ್ಣೇ ಬೇಡ! ಅಂತ. ಆ ಬಣ್ಣದ ಮಸುಕು ಕೂಡ ಒಂದು ಗುರಿಯೇ, ಸಂಜೆ ಅವನೂ ಎಲ್ಲರಂತೆ ಸ್ಕೋರ್ ಶೀಟ್ ನೋಡುತ್ತಾನೆ ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮೂರು ವಾರ ಹಾಗೇ ನಡೆಸಿದೆ. ದಿನಕ್ಕೆ 60 ಬಾಣ, ಎಲ್ಲಾ ಶೆಡ್ಡಿನಲ್ಲೇ. ವಿಡಿಯೊ ತೆಗೆಯುವುದನ್ನೂ ಬಿಟ್ಟಿದ್ದೆ. ಇಲ್ಲಿ ನನ್ನ ತಪ್ಪಿದೆ, ಮುಚ್ಚಿಡೋದಿಲ್ಲ.

ಜುಲೈ ಮೊದಲ ವಾರ ಮಳೆ ಬಿಡುವು ಕೊಟ್ಟಿತು. 30 ಮೀಟರಿಗೆ ಕರೆದುಕೊಂಡು ಹೋದೆ. ಎಡಬಲ ನೋಡಿದರೆ ಬಾಣಗಳು ಒಂದೇ ಸಾಲಿನಲ್ಲಿ. ಇಣುಕುವುದು ಹೋಗಿತ್ತು, ನನಗೆ ಕುಣಿಯುವಷ್ಟು ಖುಷಿ. ಆದರೆ ಮೇಲೆ ಕೆಳಗೆ? ಒಂದು ಹಳದಿಯ ಮೇಲೆ, ಒಂದು ಕೆಂಪಿನಾಚೆಯ ನೀಲಿಯಲ್ಲಿ, ಇನ್ನೊಂದು ಕೆಂಪಿನ ತಳದಲ್ಲಿ. ಏಣಿ ನಿಲ್ಲಿಸಿದ ಹಾಗೆ.

"ಹೇಗಿತ್ತು?" ಅಂದೆ.

"ಎಲ್ಲಾ ಒಂದೇ ಥರ ಇತ್ತು ಸರ್." ಸುಳ್ಳು ಹೇಳುವ ಹುಡುಗಿಯಲ್ಲ. ಅವಳಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಬೆನ್ನ ಹಿಂದಿನಿಂದ ವಿಡಿಯೊ ತೆಗೆದೆ. ಎಡ ಹೆಗಲು ಕಿವಿಯ ಹತ್ತಿರಕ್ಕೆ ಏರಿಬಿಟ್ಟಿತ್ತು. ಒಂದೊಂದು ಬಾಣಕ್ಕೆ ಒಂದೊಂದು ಎತ್ತರ. ಅವಳಿಗೆ ತೋರಿಸಿದೆ. "ನಂಗೆ ಕೆಳಗೇ ಇದೆ ಅನ್ಸುತ್ತೆ ಸರ್." ಹೆಗಲ ಮೇಲೆ ಬೆರಳಿಟ್ಟು ಅದು ಇರಬೇಕಾದ ಜಾಗಕ್ಕೆ ಇಳಿಸಿದೆ. ಮುಖ ಕಿವುಚಿದಳು. "ಇದು ತಪ್ಪು ಅನ್ಸುತ್ತೆ. ಜೋತು ಬಿದ್ದ ಹಾಗಿದೆ."

ಏನಾಗಿತ್ತು ಅಂದರೆ, 34 ಪೌಂಡ್ ಬಿಲ್ಲನ್ನು ಅರವತ್ತು ಸಲ ಎಳೆಯುವಾಗ ನಲವತ್ತರ ಆಸುಪಾಸಿನಲ್ಲಿ ಅವಳಿಗೆ ಸುಸ್ತಾಗುತ್ತಿತ್ತು. ಸುಸ್ತಾದ ಮೈ ಸುಲಭದ ದಾರಿ ಹುಡುಕುತ್ತದೆ, ಹೆಗಲು ಏರುತ್ತದೆ. ಕಣ್ಣು ಮುಚ್ಚಿಕೊಂಡು ಮೂರು ವಾರ ಅದನ್ನೇ ಮಾಡಿದ್ದಕ್ಕೆ ಏರಿದ ಹೆಗಲೇ 'ಸರಿ' ಅಂತ ಮೈಗೆ ರೂಢಿಯಾಯ್ತು. ಮೂರು ಮೀಟರ್ ದೂರದ ಬಟ್ರೆಸ್ ಏನೂ ಹೇಳುವುದಿಲ್ಲ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಬಾಣ ಸರಿಯುವುದು ಸುಮಾರು ನಾಲ್ಕೇ ಮಿಲಿಮೀಟರ್. ಗುರಿ ಸುಳ್ಳು ಹೇಳುತ್ತೆ ಅಂತ ಅದನ್ನು ಓಡಿಸಿದ್ದೆ. ಮೈಯೂ ಸುಳ್ಳು ಹೇಳುತ್ತದೆ, ಅದೂ ತುಂಬಾ ವಿಶ್ವಾಸದಿಂದ ಹೇಳುತ್ತದೆ. ಏಣಿಯ ಹಾಗೆ ನಿಂತ ಬಾಣಗಳನ್ನು ತೋರಿಸಿ ನನ್ನ ಕಣ್ಣು ತೆರೆಸಿದ್ದು ಅದೇ ಬಣ್ಣದ ಕಾಗದ.

ಕಲಿಕೆಯ ಬಗ್ಗೆ ಕೆಲಸ ಮಾಡಿದವರು ಇದನ್ನು ಬಹಳ ಹಿಂದೆಯೇ ಬರೆದಿದ್ದಾರೆ. 1984ರಲ್ಲಿ ಸಾಲ್ಮೊನಿ, ಶ್ಮಿಟ್, ವಾಲ್ಟರ್ ಎಂಬ ಮೂವರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಪ್ರತಿ ಸಲವೂ ಫಲಿತಾಂಶ ಹೇಳುತ್ತಾ ಹೋದರೆ ಆ ಹೊತ್ತಿಗೆ ಚೆನ್ನಾಗಿಯೇ ಮಾಡುತ್ತಾರೆ, ಹೇಳುವುದನ್ನು ನಿಲ್ಲಿಸಿದ ಮೇಲೆ ಕುಸಿಯುತ್ತಾರೆ ಎಂಬುದು ಅವರ ವಾದ. ಊರುಗೋಲು ಹಿಡಿದು ನಡೆದವನಿಗೆ ಕಾಲಿನ ನೆನಪೇ ಇರುವುದಿಲ್ಲವಲ್ಲ, ಹಾಗೆ. ಆದರೆ ಫಲಿತಾಂಶವನ್ನು ಹೇಳಲೇಬೇಡಿ ಅಂತ ಅವರು ಹೇಳಿಲ್ಲ. ನಾನು ಅರ್ಧ ಓದಿ ಹಾಗೆ ಅಂದುಕೊಂಡಿದ್ದೆ. ಇನ್ನೊಂದು ಕಡೆ ಗ್ಯಾಬ್ರಿಯೆಲೆ ವುಲ್ಫ್ ಎಂಬಾಕೆ ತೋರಿಸಿದ್ದು, ಗಮನ ಸ್ನಾಯುವಿನ ಮೇಲೆ ಇದ್ದರೆ ಚಲನೆ ಕಟ್ಟಿಹೋಗುತ್ತದೆ, ಹೊರಗಿನ ಒಂದು ವಸ್ತುವಿನ ಮೇಲೆ ಇದ್ದರೆ ಸರಾಗವಾಗುತ್ತದೆ ಅಂತ. ಅದು ನನಗೆ ನೇರವಾಗಿ ಕೆಲಸಕ್ಕೆ ಬಂತು. "ಬೆನ್ನಿನ ಸ್ನಾಯು ಬಿಗಿ ಮಾಡು" ಅನ್ನುವುದನ್ನು ಬಿಟ್ಟು "ಮೊಣಕೈಯನ್ನ ಹಿಂದಿನ ಗೋಡೆಗೆ ಮುಟ್ಟಿಸು" ಅಂದೆ. "ಹೆಗಲು ಇಳಿಸು" ಬದಲು "ಬಿಲ್ಲನ್ನ ಆ ಹುಣಸೆಮರದ ಕಡೆ ತಳ್ಳು" ಅಂದೆ. ಹೆಗಲು ತಾನಾಗಿ ಇಳಿಯಿತು. ಬಾಣಗಳನ್ನು ಅರವತ್ತರಿಂದ ಮೂವತ್ತಕ್ಕೆ ಇಳಿಸಿ, ಆರಾರಕ್ಕೆ ಒಂದು ಬಿಡುವು ಕೊಟ್ಟೆ.

ಜುಲೈ ಕೊನೆಗೆ ಒಂದು ನೂರು ಪುಟದ ನೋಟ್‌ಬುಕ್ ತಂದೆ. ಪ್ರತಿ ಪುಟದಲ್ಲೂ ಬಳೆ ಇಟ್ಟು ಎರಡು ವೃತ್ತ ಬರೆದಳು. ಬಾಣ ಬಿಟ್ಟ ಮೇಲೆ ಗುರಿ ನೋಡುವ ಹಾಗಿಲ್ಲ, ತಲೆ ತಗ್ಗಿಸಿ ಎಡಗಡೆಯ ವೃತ್ತದಲ್ಲಿ ಅದು ಎಲ್ಲಿ ಹೋಗಿರಬೇಕು ಅಂತ ಪೆನ್ಸಿಲಿನಲ್ಲಿ ಚುಕ್ಕೆ ಇಡಬೇಕು. ಆರು ಬಾಣ ಮುಗಿದ ಮೇಲೆ ನಡೆದು ಹೋಗಿ, ನಿಜವಾಗಿ ಎಲ್ಲಿ ಬಿದ್ದಿದೆ ಅಂತ ಬಲಗಡೆಯ ವೃತ್ತದಲ್ಲಿ ಕೆಂಪು ಪೆನ್ನಿನ ಚುಕ್ಕೆ. ಅಪ್ಪ ದುರ್ಬೀನು ಹಿಡಿದು ಕೂರಬಹುದು, ಬಾಯಿ ಬಿಡಬಾರದು. ಅವರು ಬಾಯಿ ಬಿಡಲಿಲ್ಲ. ಆದರೆ ಆರಕ್ಕಿಂತ ಕಡಿಮೆ ಬಂದಾಗೆಲ್ಲ ಕೆಮ್ಮುತ್ತಿದ್ದರು. ಮಗಳು ಆ ಕೆಮ್ಮನ್ನು ಓದಿ ಚುಕ್ಕೆ ಇಡುತ್ತಿದ್ದಳು! ಗೊತ್ತಾದ ಮೇಲೆ ಅವರ ಕುರ್ಚಿಯನ್ನು ಗೇಟಿನಾಚೆಯ ಟೀ ಅಂಗಡಿಗೆ ಸಾಗಿಸಿದೆ.

ಮೊದಲ ವಾರದ ಪೆನ್ಸಿಲ್ ಚುಕ್ಕೆಗಳೆಲ್ಲ ಎಡಕ್ಕೆ ಇದ್ದವು. ಕೆಂಪು ಚುಕ್ಕೆಗಳು ಎಲ್ಲೆಲ್ಲೋ. ಅವಳು ಬರೆಯುತ್ತಿದ್ದದ್ದು ಮೈ ಹೇಳಿದ್ದನ್ನಲ್ಲ, ತನಗೆ ಇದ್ದ ಭಯವನ್ನು. ಆಗಸ್ಟ್ ಮಧ್ಯಕ್ಕೆ ಬರುವಷ್ಟರಲ್ಲಿ ಆರರಲ್ಲಿ ನಾಲ್ಕು ಬಾಣಕ್ಕೆ ಅವಳು ಹೇಳಿದ ದಿಕ್ಕೇ ಸರಿಯಾಗುತ್ತಿತ್ತು. ಸೈಟ್ ಮುಟ್ಟುವುದಕ್ಕೂ ಒಂದು ಕಟ್ಟುನಿಟ್ಟು ಬಂತು. ಪೆನ್ಸಿಲ್ ನಡುವೆ ಅನ್ನಬೇಕು, ಕೆಂಪು ಚುಕ್ಕೆಗಳು ಬೇರೆ ಕಡೆ ಒಟ್ಟಾಗಿ ಗುಂಪು ಕೂತಿರಬೇಕು, ಎರಡು ಸುತ್ತು ಹಾಗೇ ಆಗಬೇಕು. ಆಗ ಮಾತ್ರ ಸ್ಕ್ರೂ ತಿರುಗಿಸಬಹುದು. ಆ ಲೆಕ್ಕದಲ್ಲಿ ತಿಂಗಳಲ್ಲಿ ಎರಡೇ ಸಲ ಸೈಟ್ ಸರಿಯಿತು, ಎರಡೂ ಸಲ ಬಲಕ್ಕೆ. ಎರಡು ವರ್ಷದಲ್ಲಿ ಚೂರುಚೂರಾಗಿ ಎಡಕ್ಕೆ ಹೋಗಿದ್ದದ್ದು ಮನೆಗೆ ವಾಪಸ್ ಬಂತು.

ನೋಟ್‌ಬುಕ್ಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಜಾತಿಯ ಬಾಣ. ಪೆನ್ಸಿಲ್ ಕೆಳಗೆ ಎಡಕ್ಕೆ ಅನ್ನುತ್ತದೆ, ಬಾಣ ನೋಡಿದರೆ ಹತ್ತರಲ್ಲಿ ಕೂತಿರುತ್ತದೆ. ಬಿಟ್ಟಿದ್ದು ಕೆಟ್ಟದಾಗಿ, ಗಾಳಿಯೋ ಅದೃಷ್ಟವೋ ತಂದು ನಡುವೆ ಕೂರಿಸಿದೆ. ನಾವು ಅದಕ್ಕೆ ಬಿಟ್ಟಿ ಹತ್ತು ಅಂತ ಹೆಸರಿಟ್ಟೆವು. ಬಿಲ್ಲುಗಾರನನ್ನು ಹಾಳು ಮಾಡುವುದು ಐದಲ್ಲ, ಬಿಟ್ಟಿ ಹತ್ತು. ಐದು ಬಂದರೆ ಯಾರಾದರೂ ಯೋಚನೆ ಮಾಡುತ್ತಾರೆ. ಹತ್ತು ಬಂದರೆ ಯಾರು ಮಾಡುತ್ತಾರೆ? ಚಪ್ಪಾಳೆ ಹೊಡೆಯುತ್ತಾರೆ, ಮೈ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಅದಕ್ಕೇ ಅಭ್ಯಾಸದಲ್ಲಿ ಬಿಟ್ಟಿ ಹತ್ತಿಗೆ ಸೊನ್ನೆ ಅಂತ ನಿಯಮ ಮಾಡಿದೆ. ಅಪ್ಪನಿಗೆ ಹೊಟ್ಟೆ ಉರಿಯಿತು. "ಹತ್ತನ್ನ ಹೇಗ್ ಸರ್ ಸೊನ್ನೆ ಅನ್ನೋದು? ಅನ್ಯಾಯ ಅಲ್ವಾ?" ಅಂದರು. ಹುಡುಗಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನವೆಂಬರಿನಲ್ಲಿ ಒಂದು ಆಯ್ಕೆ ಪಂದ್ಯ ಇತ್ತು. ಆಯ್ಕೆ ಆಗಲಿಲ್ಲ. ಮೊದಲ 36 ಬಾಣ ಅವಳ ಬದುಕಿನಲ್ಲೇ ಚೆನ್ನಾಗಿದ್ದವು. ಊಟದ ಹೊತ್ತಿಗೆ ಗಾಳಿ ಎದ್ದಿತು, ಬಾಣ ಎಲ್ಲಿ ಹೋಗುತ್ತದೋ ಅನ್ನುವ ಆತಂಕ ಬಂತು, ಎಡಗೈ ಮತ್ತೆ ಇಣುಕಲು ಹೊರಟಿತು. ದೂರದಿಂದಲೇ ನನಗೆ ಕಂಡಿತು. ಹಳೆ ಚಾಳಿ ಸಾಯೋದಿಲ್ಲ, ಮಲಗಿರುತ್ತದೆ. ಈಗಲೂ ಮೈದಾನಕ್ಕೆ ಬಂದ ಕೂಡಲೇ ಅವಳು ಮೊದಲು ಶೆಡ್ಡಿಗೆ ಹೋಗಿ ಕಣ್ಣು ಮುಚ್ಚಿ ಹತ್ತು ಬಾಣ ಬಿಡುತ್ತಾಳೆ. ಆಮೇಲೆ 60 ಮೀಟರಿನಲ್ಲಿ ನೋಟ್‌ಬುಕ್. ವಾರಕ್ಕೊಮ್ಮೆ ಬೆನ್ನ ಹಿಂದಿನಿಂದ ವಿಡಿಯೊ, ಅದನ್ನು ನಾನು ಈಗ ಮರೆಯುವುದಿಲ್ಲ.

ಆ ಪಂದ್ಯದ ರಾತ್ರಿ ಅಪ್ಪ ವಾಟ್ಸ್ಆ್ಯಪ್‌ನಲ್ಲಿ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಕಳಿಸಿದರು. ಬಸ್ಸಿನಲ್ಲಿ ಬರುವಾಗ ಅವಳು ಸ್ಕೋರನ್ನೆಲ್ಲ ನಕಲು ಮಾಡಿಕೊಂಡಿದ್ದಳಂತೆ. ಕೊನೆಯ ಆರು ಬಾಣದಲ್ಲಿ ಎರಡು ಹತ್ತು. ಒಂದನ್ನು ಹಾಗೇ ಬಿಟ್ಟಿದ್ದಳು. ಇನ್ನೊಂದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ಬಿಟ್ಟಿ.